ಚಾರ್ಜ್ ತೆಗೆದುಕೊಳ್ಳಲು ಯಾರೂ ಬರಲಿಲ್ಲ

ಯಾವ್ದೋಖಾ ಮೂವತ್ತೊಂದು ವರ್ಷ ಕಾದದ್ದು ಒಂದೇ ರೈಲ್ವೆ ಗೇಟು. ಉಕ್ರೇನಿನ ಪೂರ್ವದ ಬಯಲಿನ ಆ ಊರಿಗೆ ಬೇರೆ ಹೆಸರೇ ಇರಲಿಲ್ಲ. ನಾನೂರ ಹದಿನೆಂಟನೇ ಕಿಲೋಮೀಟರು, ಅಷ್ಟೇ. ಮುಂದಿನ ಪಾಳಿಯವರು ಬಂದು ಡ್ಯೂಟಿ ಪುಸ್ತಕದಲ್ಲಿ ‘ಚಾರ್ಜ್ ತೆಗೆದುಕೊಂಡೆ’ ಎಂದು ಬರೆದು ಸಹಿ ಹಾಕುವ ತನಕ ಗೇಟು ಬಿಟ್ಟು ಕದಲುವ ಹಾಗಿರಲಿಲ್ಲ. ಹೆರಿಗೆ ನೋವು ಶುರುವಾದಾಗಲೂ ಅವಳು ಸಹಿ ಹಾಕಿಸಿಕೊಂಡೇ ಹೋದವಳು.

ಯುದ್ಧ ಬಂತು, ರೈಲು ನಿಂತಿತು, ಮುಂದಿನ ಪಾಳಿಯ ಹೆಂಗಸು ಸಹಿ ಹಾಕದೆ ಓಡಿಹೋದಳು. ಯಾವ್ದೋಖಾ ಗೇಟಿನ ಪಕ್ಕದ ಮನೆಯಲ್ಲಿ ಕೂತೇ ಇದ್ದಳು. ಇಡೀ ಪ್ರಾಂತ್ಯ ಇನ್ನು ನಮ್ಮದು ಎಂದು ಮಾಸ್ಕೋ ಒಂದು ದಿನ ಸಂಭ್ರಮಿಸಿತು. ಅದೆಲ್ಲ ಬೊಗಳೆ ಎಂದಿತು ಕೀವ್. ಊರಿಗೆ ಬಂದದ್ದು ಮಾತ್ರ ಷೆಲ್ಲುಗಳು. ಕೊನೆಗೆ ಅಲ್ಲಿ ಉಳಿದವರು ಅವಳು, ಅವಳ ಗಂಡ ಯುಖಿಮ್, ಇಬ್ಬರೇ.

ಅಕ್ಟೋಬರಿನಲ್ಲಿ ಯುಖಿಮನ ಸಕ್ಕರೆ ಕಾಯಿಲೆಯ ಕಾಲು ಹೆಬ್ಬೆರಳಿನಿಂದ ಕಪ್ಪಾಗುತ್ತಾ ಬಂತು. ಡಾಕ್ಟರ ಹತ್ತಿರ ಒಯ್ಯದಿದ್ದರೆ ಆಸಾಮಿ ಉಳಿಯುವುದಿಲ್ಲ. ಆದರೆ ಯಾವ ಕಡೆಗೆ? ರೇಡಿಯೋ ತಿರುಗಿಸಿದಳು. ಊರು ಇಂದು ಬೆಳಿಗ್ಗೆ ನಮ್ಮ ಕೈಗೆ ಬಂತು ಎಂದಿತು ಒಂದು ಸ್ಟೇಷನ್ನು. ನಮ್ಮ ಹಿಡಿತದಲ್ಲೇ ಭದ್ರವಾಗಿದೆ ಎಂದಿತು ಇನ್ನೊಂದು. ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿಯಲ್ಲಿ ಒಂದು ಬಾತುಕೋಳಿ ಓಡಾಡುತ್ತಿತ್ತು.

"ಇಬ್ರೂ ಊರು ಹಿಡ್ದಿದಾರಂತೆ ಕಣೋ. ಎಲ್ಲಿದಾರೆ ಮತ್ತೆ?"

"ಆ ಬಾತುಕೋಳೀನ ಕೇಳು," ಎಂದ ಯುಖಿಮ್, ನರಳುತ್ತಲೇ. "ನನ್ನ ಬಿಟ್ಬಿಡು. ನಿನ್ ಗೇಟ್ ಕಾಯ್ಕೊಂಡಿರು, ಮಹಾರಾಣಿ."

"ಬಾಯ್ಮುಚ್ಕೊಂಡು ಗಾಡಿ ಹತ್ತು!"

ಬೈದಳೇ ಹೊರತು ಅವಳಿಗೆ ದಿಕ್ಕೇ ತೋಚಲಿಲ್ಲ. ಪೂರ್ವಕ್ಕೆ ರಷ್ಯದವರು, ಪಶ್ಚಿಮಕ್ಕೆ ಉಕ್ರೇನಿನವರು. ಕೊನೆಗೆ ಪಶ್ಚಿಮಕ್ಕೆ ಹೊರಟದ್ದು ಆ ಕಡೆ ಇಳಿಜಾರು ಎಂಬ ಒಂದೇ ಕಾರಣಕ್ಕೆ. ಗಂಡನನ್ನು ಆಲೂಗಡ್ಡೆ ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿ, ಪುಸ್ತಕವನ್ನು ಕೋಟಿನೊಳಗೆ ತುರುಕಿಕೊಂಡಳು. ಸಹಿಯಿಲ್ಲದೆ ಗೇಟು ಬಿಟ್ಟು ಹೊರಟದ್ದು ಜೀವನದಲ್ಲಿ ಅದೇ ಮೊದಲು. ಕಳ್ಳತನ ಮಾಡಿದ ಹಾಗೆ ನಾಚಿಕೆಯಾಯಿತು.

ಆರು ಕಿಲೋಮೀಟರು ತಳ್ಳಿದ ಮೇಲೆ ಉಕ್ರೇನಿನ ಸೈನಿಕರ ಕಂದಕ ಸಿಕ್ಕಿತು. ಕಾಲು ಹೋಗುತ್ತೆ, ಜೀವಕ್ಕೆ ಭಯವಿಲ್ಲ ಎಂದ ಅವರ ವೈದ್ಯ ಯುಖಿಮನನ್ನು ವ್ಯಾನಿಗೆ ಏರಿಸಿದ. ನರೆತ ಮೀಸೆಯ ಅಧಿಕಾರಿ ನಕ್ಷೆ ಬಿಚ್ಚಿದ.

"ಅಲ್ಲಿ ನಮ್ಮೋರೇ ಇದಾರಲ್ಲಮ್ಮಾ. ಅವ್ರೇ ಕರ್ಕೊಂಡು ಬರ್ತಿದ್ರು."

"ಇದ್ದಿದ್ದು ನಾವಿಬ್ರು, ಒಂದು ಬಾತುಕೋಳಿ. ಊರು ನಿಮ್ದೇನಾ?"

"ನಮ್ದೇ. ಅನುಮಾನವೇ ಬೇಡ."

ಯಾವ್ದೋಖಾಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಪುಸ್ತಕ ತೆಗೆದು, ಪೆನ್ನಿನ ಸಮೇತ ಮುಂದೆ ಹಿಡಿದಳು. "ಹಾಗಾದ್ರೆ ಸಹಿ ಹಾಕಪ್ಪಾ. ಚಾರ್ಜ್ ತಗೋ."

ಅವನು ನಕ್ಕ. ಅವಳು ನಗಲಿಲ್ಲ. ಅವನು ಪೆನ್ನು ಹಿಡಿದುಕೊಂಡು ನಕ್ಷೆ ನೋಡಿದ, ಪೂರ್ವದ ಕಡೆ ನೋಡಿದ, ಮತ್ತೆ ನಕ್ಷೆ ನೋಡಿದ.

"ಸಹಿ ಗಿಹಿ ಎಲ್ಲಾ ನನ್ ಕೈಲಿಲ್ಲಮ್ಮಾ," ಎಂದು ಪೆನ್ನು ವಾಪಸು ಕೊಟ್ಟ.

ವ್ಯಾನು ಹಾರ್ನ್ ಹೊಡೆಯಿತು. ಯಾವ್ದೋಖಾ ಪುಸ್ತಕವನ್ನು ಕೋಟಿನೊಳಗೆ ಸೇರಿಸಿ ಹತ್ತಿದಳು. ಆಸ್ಪತ್ರೆಯಲ್ಲಿ ನರ್ಸು ಹೆಸರು, ಊರು, ಉದ್ಯೋಗ ಬರೆದುಕೊಂಡು, ಕೆಲಸ ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದಳು.

"ಬಿಟ್ಟಿಲ್ಲಮ್ಮ," ಎಂದಳು ಯಾವ್ದೋಖಾ. "ಈಗ್ಲೂ ಡ್ಯೂಟಿ ಮೇಲೇ ಇದೀನಿ."