ಮೂಸದ ಮಲ್ಲಿಗೆ

ಬಾಳೆನಾರು ಎಳೆದೆಳೆದು ದೊಡ್ಡಮ್ಮನ ಬಲಗೈ ಹೆಬ್ಬೆರಳಿನಲ್ಲಿ ಒಂದು ತೆಳ್ಳನೆಯ ಗೀರು ಬಿದ್ದಿತ್ತು. ಮಲ್ಲಿಗೆ ಕಟ್ಟುವಾಗ ಮುಖವನ್ನು ಒಂದು ಬದಿಗೆ ತಿರುಗಿಸಿಕೊಳ್ಳುತ್ತಿದ್ದರು. ದೇವರಿಗೆ ಏರುವ ಹೂವನ್ನು ಯಾರೂ ಮೂಸಬಾರದಲ್ಲ.

ನಮ್ಮೂರು ಕೋಟದಲ್ಲಿ ಅವರದು ಪಕ್ಕದ ಮನೆ. ದೊಡ್ಡಮ್ಮ ಎಂದದ್ದು ಸಂಬಂಧದಿಂದಲ್ಲ, ಊರಿಗೆಲ್ಲ ಅವರು ಹಾಗೆಯೇ. ದೇವಸ್ಥಾನಕ್ಕೆ ದಿನವೂ ಅವರದೇ ಮಾಲೆ. ಮಿಂದೇ ಕೂರಬೇಕು, ನೆಲಕ್ಕೆ ಬಿದ್ದ ಹೂವನ್ನು ಸೇರಿಸಬಾರದು, ಕಟ್ಟಿ ಮುಗಿಯುವ ತನಕ ಯಾರನ್ನೂ ದೂರಬಾರದು. ಕೇಳುವವರಿಗೆ ಉಸಿರು ಕಟ್ಟುತ್ತಿತ್ತು. ಅವರು ಮಾತ್ರ ಏನನ್ನೋ ಗುನುಗುತ್ತ ಕೂತಿರುತ್ತಿದ್ದರು.

ಅಮ್ಮ ಬೇಲಿಯಾಚೆಯಿಂದ ಕೆಣಕುತ್ತಿದ್ದಳು. "ಹ್ವಾಯ್ ದೊಡ್ಡಮ್ಮ, ಇಷ್ಟ್ ವರ್ಷ ಕಟ್ಟಿ ಒಂದ್ ಹೂಗೂ ಮೂಸ್ಲಿಲ್ಯಾ? ನಿಮ್ಗೆ ಮೂಗ್ ಎಂತಕ್ಕೆ?"

"ಕನ್ನಡ್ಕ ಇಡುಕೆ, ಮಾರಾಯ್ತಿ." ಆಮೇಲೆ ನಗುತ್ತಲೇ ಸೇರಿಸಿದ್ದರು: "ಹಿಡ್ಕಂಡ್ ಮೂಸ್ರೆ ಒಂದ್ ಹೂಗಿನ್ ಪರ್ಮಳ. ದೇವ್ರಿಗೆ ಅಂದೇಳಿ ಬಿಟ್ರೆ, ಇಡೀ ಬಯ್ಲಿಂದ ಬತ್ತ್ ಕಾಣ್."

ನಾನು ಎಂಎಸ್ಸಿ ಮುಗಿಸಿ ಬಂದ ವರ್ಷ ಅಮ್ಮ ಹಾಸಿಗೆ ಹಿಡಿದಳು. ಔಷಧಿಯಿಂದ ಅವಳಿಗೆ ಮೊದಲು ರುಚಿ ಹೋಯಿತು, ಆಮೇಲೆ ವಾಸನೆ. ದೊಡ್ಡಮ್ಮನಿಗೆ ಮಂಡಿನೋವು, ಮಾಲೆಯನ್ನು ದೇವಸ್ಥಾನಕ್ಕೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟವಳನ್ನು ಅಮ್ಮ ಕರೆದಳು.

"ಒಂದ್ಸಲ ಮೂಗಿನ್ ಹತ್ರ ಹಿಡಿ, ಮಗ."

ಬೇರೆ ಹೂವು ಹುಡುಕಿ ತರಬಹುದಿತ್ತು. ಆ ಮಾಲೆಯನ್ನೇ ಹಿಡಿದೆ. ಅವಳು ಉಸಿರೆಳೆದಳು, ಮತ್ತೊಮ್ಮೆ ಎಳೆದಳು. "ಎಂತದೂ ಗೊತ್ತಾತಿಲ್ಲೆ."

ಹೂವಿನಲ್ಲೇ ಪರಿಮಳ ಇಲ್ಲದಿರಲಿ ಎಂಬ ಹುಚ್ಚು ಆಸೆಯಿಂದ ನಾನೂ ಮೂಸಿದೆ. ಇತ್ತು. ಬೇಕಾದಷ್ಟು ಇತ್ತು.

ಅದೇ ಮಾಲೆಯನ್ನು ಭಟ್ಟರು ದೇವರಿಗೆ ಹಾಕಿದರು. "ಹೂಗ್ ಸರಿ ಮುಟ್ತಾ?" ಎಂದು ದೊಡ್ಡಮ್ಮ ಕೇಳಿದಾಗ "ಹ್ಞೂಂ" ಎಂದೆ. ತಿಂಗಳೊಳಗೆ ಅಮ್ಮ ತೀರಿಕೊಂಡಳು.

ಕಾಯಿಲೆಯ ಹೆಸರು, ಅದು ಹಬ್ಬುವ ಬಗೆ, ಎಲ್ಲವೂ ನನಗೆ ಗೊತ್ತಿತ್ತು. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ನಾನು ಮೂಸಿದೆ, ಅಮ್ಮ ಹೋದಳು. ಬೇಲಿಯ ಕಡೆ ನೋಡಲೂ ಆಗುತ್ತಿರಲಿಲ್ಲ.

ಸೂತಕ ಕಳೆದ ಸಂಜೆ ದೊಡ್ಡಮ್ಮ ಕುಂಟುತ್ತ ಬಂದರು. ನಾಳೆಯಿಂದ ಬುಟ್ಟಿ ಒಯ್ಯುತ್ತೀಯಾ ಎಂದು ಕೇಳಿದರು. "ನಾ ಮುಟ್ಟುದಿಲ್ಲೆ," ಎಂದವಳು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ನನ್ನಿಂದಲೇ ಹೋದಳು ಎಂದೂ ಹೇಳಿದೆ.

ಅವರು ಗೋಡೆ ಹಿಡಿದು ನನ್ನ ಪಕ್ಕ ಕೂತರು. "ಮೂಸಿದ್ದ್ ತಪ್ಪೇ. ಸುಳ್ಳ್ ಹೇಳಿದ್ದ್ ಅದ್ಕಿಂತ ದೊಡ್ಡ್ ತಪ್ಪ್. ಅಲ್ಲ ಅಂದೇಳಿ ನಾ ಹೇಳುದಿಲ್ಲೆ. ಆರೆ ನಿನ್ ಅಮ್ಮನ್ನ ಕೊಲ್ಲುಕೆ ದೇವ್ರ್ ಈ ನೇಮ ಎಲ್ಲ ಹೇಳಿದ್ದಲ್ಲ, ಮಗ. ನಾವ್ ಸಮಾ ಬದ್ಕುಕೆ ಹೇಳಿದ್ದ್. ನಾಳಿ ಮಿಂದ್ಕಂಡ್ ಬಾ, ಕಟ್ಟುಕೆ ಕಲಿ."

ದೊಡ್ಡಮ್ಮ ತೀರಿಹೋಗಿ ಈಗ ಎರಡು ವರ್ಷವಾಯಿತು. ನನ್ನ ತಪ್ಪು ಎಷ್ಟೋ ಅಷ್ಟನ್ನೇ, ಹೆಚ್ಚಿಲ್ಲ ಕಡಿಮೆಯಿಲ್ಲ, ನನ್ನ ಕೈಗೆ ಕೊಟ್ಟವರು ಅವರೊಬ್ಬರೇ.

ಆ ಸಂಜೆಯ ಮರುದಿನ ಬೆಳಿಗ್ಗೆ ಮಿಂದು ಹೋಗಿ ಅವರೆದುರು ಕೂತೆ. ನಾನು ಹಾಕಿದ ಗಂಟುಗಳು ಬಿಚ್ಚಿಕೊಳ್ಳುತ್ತಿದ್ದವು. ಅವರು ಬೈಯಲಿಲ್ಲ, ಮತ್ತೆ ಹಾಕಿಸಿದರು. ಒಂದು ಮೊಳವಾದ ಮೇಲೆ ದೇವಸ್ಥಾನಕ್ಕೆ ನಡೆದೆ. ಬುಟ್ಟಿ ಕೊಡುವ ಮೊದಲು ಭಟ್ಟರನ್ನು ನಿಲ್ಲಿಸಿ, ಅಮ್ಮನೂ ನಾನೂ ಮೂಸಿದ ಆ ಮಾಲೆಯ ವಿಷಯ ಹೇಳಿದೆ.