ಹೊಸ್ತಿಲಾಚೆಯ ಚಪ್ಪಲಿ

ಸಾಬಣ್ಣನಿಗೆ ಆ ಚಪ್ಪಲಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ರಾವೂರಿನ ಮನೆಯಿಂದ ಬಸ್ಸಿನ ತನಕ ನಡೆಯುವಷ್ಟರಲ್ಲಿ ಕಿಸೆಯೊಳಗಿನ ಫೋನು ನಾಲ್ಕಾರು ಸಲ ಗುರ್ರೆನ್ನುತ್ತಿತ್ತು. ಚಪ್ಪಲಿಯ ಮೆತ್ತೆಯೊಳಗೆ ಹಾಳೆಯಷ್ಟು ತೆಳ್ಳಗಿನ, ಬಾಗಿದರೂ ಮುರಿಯದ ಸೆನ್ಸರ್ ಇತ್ತು. ಅಂಗಾಲಿನ ಒಂದೇ ಜಾಗಕ್ಕೆ ಒತ್ತಡ ಹೆಚ್ಚಾದರೆ ಅದು ಫೋನಿಗೆ ಚಾಡಿ ಹೇಳುತ್ತಿತ್ತು. ಅವನು ನಿಂತು, ಬೈದು, ಕಾಲು ಬದಲಿಸಿ ಮುಂದೆ ಹೋಗಬೇಕು.

ಎತ್ತಿ ಬಿಸಾಡುವ ಹಾಗೂ ಇರಲಿಲ್ಲ. ಸಕ್ಕರೆ ಕಾಯಿಲೆ ಅವನ ಪಾದಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಹೋದ ವರ್ಷ ಕಲ್ಲಿನ ಚಕ್ಕೆ ಚುಚ್ಚಿದ್ದು ಗೊತ್ತಾಗದೆ ಅದರ ಮೇಲೇ ಓಡಾಡಿ ಎಡಗಾಲಿನ ಹೆಬ್ಬೆರಳು ಕಳೆದುಕೊಂಡಿದ್ದ. ಇನ್ನೊಂದು ಹುಣ್ಣಾಗಿ ಕೀವು ತುಂಬಿದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದಿದ್ದರು ಡಾಕ್ಟರು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಮನೆಗಳ ನೆಲಕ್ಕೆ ಪರ್ಸಿ ಕಲ್ಲು ಹಾಸುವವನಿಗೆ ಪಾದ ಹೋದರೆ ಉಳಿಯುವುದೇನು? ಅದಕ್ಕೇ ವಾಡಿಯ ಶುಗರ್ ಕ್ಯಾಂಪಿನಲ್ಲಿ, ಕಲಬುರಗಿಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವ ಶಿವರಂಜನಿ ಎಂಬ ಹುಡುಗಿ ಪರೀಕ್ಷೆಗೆಂದು ಕೊಟ್ಟ ಈ ಜೋಡನ್ನು ಮೆಟ್ಟಿದ್ದ.

ಆಗ ಅವನ ಕೆಲಸ ಚಿತ್ತಾಪುರದಲ್ಲಿ, ಮಡಿವಾಳಯ್ಯನವರ ಹೊಸ ಮನೆಯಲ್ಲಿ. ಅಲ್ಲಿಗೆ ಹೋದೊಡನೆ ಚಪ್ಪಲಿ ಹೊಸ್ತಿಲಾಚೆ. ಪೂಜೆಯಾಗದ ಹೊಸ ನೆಲವನ್ನು ಹಾಸುವವನೇ ಚಪ್ಪಲಿಗಾಲಲ್ಲಿ ತುಳಿಯುವುದುಂಟೆ? ಕೆಲಸ ಕಲಿಸುವಾಗ ಅಪ್ಪ ಬೆನ್ನಿಗೆರಡು ಬಾರಿಸಿ ಹೇಳಿಕೊಟ್ಟಿದ್ದ ಮಾತದು. ಒಳಗೆ ಸಾಬಣ್ಣ ಬರಿಗಾಲಲ್ಲಿ ಚಕ್ಕೆಗಳ ನಡುವೆ ಓಡಾಡುತ್ತಿದ್ದ. ಹೊರಗೆ ಚಪ್ಪಲಿ ಹಾಯಾಗಿ ಬಿದ್ದಿರುತ್ತಿತ್ತು. ಫೋನು ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಚಪ್ಪಲಿಯ ಲೆಕ್ಕವೆಲ್ಲ ಶಿವರಂಜನಿಗೂ ಹೋಗುತ್ತಿತ್ತು. ಒಂದು ದಿನ ಅವಳೇ ಫೋನು ಮಾಡಿದಳು. "ಕಾಕಾ, ನಿಮ್ಮ ರೀಡಿಂಗ್ ಭಾಳ ಛಲೋ ಬರ್ಲಿಕತ್ತಾವ್ರಿ. ಮುಂಜಾನಿ ಒಂದೀಟು ಬಿಟ್ರ ದಿನಾ ಪೂರಾ ಹಸಿರು!"

ಸಾಬಣ್ಣ ಉಬ್ಬಿಹೋದ. ಹೆಂಡತಿ ಹೀರಾಬಾಯಿ ದಿನಾ ಸಂಜೆ ಅವನ ಅಂಗಾಲು ತಿರುವಿ ನೋಡುತ್ತಿದ್ದಳು. ಅಂದು ಕಾಲು ಎಳೆದುಕೊಂಡ. "ಮಷಿನ್ನೇ ಆರಾಮ ಅದ ಅನ್ಲಿಕತ್ತದ. ನಿಂದೇನು ನಡುವೆ?"

"ಹಾಂಗಾರ ನಿಮ್ಮ ಮಷಿನ್ನೇ ನೋಡ್ಲಿ," ಎಂದು ಅವಳೂ ಮುನಿಸಿಕೊಂಡು ನೋಡುವುದನ್ನು ಬಿಟ್ಟಳು.

ವಾರ ಕಳೆಯುವುದರೊಳಗೆ ಹಾಸಿಗೆಯ ಮೇಲೆ ರಕ್ತದ ಕಲೆ. ಬಲಗಾಲಿನ ಹಿಮ್ಮಡಿಯಲ್ಲಿ ಚಕ್ಕೆ ಹೂತು, ಸುತ್ತ ಬಾತಿತ್ತು. ಹೀರಾಬಾಯಿ ಅಳುತ್ತಲೇ ಬೈದಳು. ಸಾಬಣ್ಣ ಆ ಸಿಟ್ಟನ್ನೆಲ್ಲ ಫೋನಿನಲ್ಲಿ ಶಿವರಂಜನಿಯ ಮೇಲೆ ಸುರಿದ.

"ಕೆಲಸದಾಗ ಚಪ್ಪಲಿ ಕಾಲಾಗ ಇತ್ತೇನ್ರಿ ಕಾಕಾ?" ಎಂದಳು ಅವಳು ಮೆಲ್ಲಗೆ.

"ಪರ್ಸಿ ಮ್ಯಾಲ ಯಾವ ಮಗ ಚಪ್ಪಲಿ ಮೆಟ್ತಾನ?"

"ಯಾರೂ ಮೆಟ್ಟದಿದ್ರೂ ಅದು ಹಸಿರೇ ತೋರಸ್ತದ್ರಿ. ತಪ್ಪು ನಮ್ದೇ. ಸೆನ್ಸರ್ ಕಾಲಚೀಲದಾಗ ಹೊಲಿಯೂದು ಮಾಡ್ಲಿಕತ್ತೀವಿ. ಮುಂದಿನ ವರ್ಷ ಬರ್ತದ."

"ಮುಂದಿನ ವರ್ಷದ ತನಕ ನನ್ನ ಕಾಲು ಕಾಯ್ತದೇನು ತಂಗಿ?"

ಪುಣ್ಯಕ್ಕೆ ಗಾಯ ಮಾಯಿತು. ಆದರೆ ಡಾಕ್ಟರು ಕೈಮುಗಿದೇ ಹೇಳಿದರು: ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ. ಸಾಬಣ್ಣ ಚಿತ್ತಾಪುರದ ಬಸ್ಸು ಹತ್ತಿದ. ಮಡಿವಾಳಯ್ಯನವರ ತಾಯಿ ಗುರುಲಿಂಗಮ್ಮ ಮಡಿಯೆಂದರೆ ಮಡಿ, ಬಿಡುವವರಲ್ಲ. ಬೈದರೆ ಏನೆನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು, ಜಗಳಕ್ಕೆ ಸಿದ್ಧನಾಗಿಯೇ ಬಾಗಿಲಿಗೆ ಬಂದ.

"ಅವ್ವಾರ, ಚಪ್ಪಲಿ ಹೊರಗ ಬಿಟ್ರ ನಾ ಕಾಲೇ ಬಿಡಬೇಕಾಗ್ತದ್ರಿ," ಎಂದ ಗಡುಸಾಗಿ.

ಗುರುಲಿಂಗಮ್ಮ ಅವನ ಹೆಬ್ಬೆರಳಿಲ್ಲದ ಪಾದವನ್ನು ನೋಡಿದರು. "ಮೆಟ್ಟಿಕೊಂಡೇ ಬಾರಪ್ಪ. ನೆಲ ತೊಳದ್ರ ಹಸನಾಗ್ತದ. ಹೋದ ಕಾಲು ತಿರುಗಿ ಬರ್ತದೇನು?"

ಜಗಳವಾಡಲು ಯಾರೂ ಉಳಿಯಲಿಲ್ಲ. ಸಾಬಣ್ಣ ಕಾಲೆತ್ತಿದ. ತಾನೇ ಕೆತ್ತಿ, ತಾನೇ ಮಟ್ಟ ನೋಡಿ ಕೂರಿಸಿದ ಕಲ್ಲು ಎದುರಿಗಿತ್ತು. ಅಪ್ಪ ಬಾರಿಸಿ ಕಲಿಸಿದ ಮಾತು ಅಡ್ಡ ಬಂದು, ಎತ್ತಿದ ಕಾಲು ಇಳಿಯಲೊಲ್ಲದು. ಥೂ, ಎಂಥ ಕಾಲಪ್ಪ ಇದು ಎಂದು ತನ್ನನ್ನೇ ಶಪಿಸಿಕೊಂಡ. ಕಡೆಗೆ ಹಲ್ಲು ಕಚ್ಚಿ ಒಳಗಿಟ್ಟ.

ಅಂಗಾಲಿಗೆ ಏನೂ ತಿಳಿಯಲಿಲ್ಲ. ಆದರೆ ಆ ದಿನವಿಡೀ ಅವನು ತಲೆಯೆತ್ತಿ ಯಾರ ಮುಖವನ್ನೂ ನೋಡಲಿಲ್ಲ.