ಒಲೆಯ ಮುಂದೆ ಚಪ್ಪಲಿ

ಆನವಟ್ಟಿ ಕಡೆಯ ಒಂದು ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದ ಗುತ್ಯಮ್ಮ ಜಾರಿ ಬಿದ್ದದ್ದು ಒಂದೇ ಸಲ. ಜಾರಿದ್ದು ಕಾಲು, ಮುರಿದದ್ದು ಕೈ. ಮೈಯೊಳಗೂ ಮಾಡಿದವರೊಬ್ಬರು, ಅನುಭವಿಸುವವರೊಬ್ಬರು. ಅಡುಗೆಕೋಣೆಯ ಒರಟು ಸಿಮೆಂಟು ನೆಲ ಕಿತ್ತು ಯಾರೋ ದಾನಿಗಳು ಮುಖ ಕಾಣುವಂಥ ಟೈಲ್ಸ್ ಹಾಕಿಸಿಕೊಟ್ಟಿದ್ದರು. ಅನ್ನ ಬಸಿಯುವಾಗ ಗಂಜಿ ಚೆಲ್ಲಿತು; ಬರಿಗಾಲು ಅದರ ಮೇಲೆ ಬಿತ್ತು.

ಆರು ವಾರದ ಮೇಲೆ ಕೈಪಟ್ಟಿ ಬಿಚ್ಚಿಸಿಕೊಂಡು ಬಂದರೆ ಹೆಡ್‌ಮಾಸ್ಟರ್ ಮಹೇಶ್ವರಪ್ಪ ಅಡುಗೆಕೋಣೆಯ ಬಾಗಿಲಲ್ಲೇ ತಡೆದರು.

"ರಬ್ಬರ್ ಚಪ್ಲಿ ಹಾಕ್ಕಂಡ್ರೆ ಒಳಗೆ. ಇಲ್ದಿದ್ರೆ ಮನೇಲೇ ಇರ್ರಿ ಗುತ್ಯಮ್ಮ."

"ಒಲೆ ಮುಂದೆ ಚಪ್ಲಿ ಮೆಟ್ಕಂಡು ನಿಂತ್ರೆ ಅನ್ನ ಬೇಯುತ್ತೇನ್ರೀ ಮೇಷ್ಟ್ರೇ?"

"ಬೇಯೋದು ಗ್ಯಾಸಿಂದ. ನಿಮ್ಮ ಕಾಲಿಂದಲ್ಲ."

ಗುತ್ಯಮ್ಮ ಜಗಲಿಯಲ್ಲಿ ಕೂತಳು. ಮನೆಯಲ್ಲೇ ಇರುವುದು ಎಂಥದ್ದೆಂದು ಈ ಆರು ವಾರದಲ್ಲಿ ಗೊತ್ತಾಗಿತ್ತು. ಇನ್ನೂರು ಮಕ್ಕಳ ಸಾರಿಗೆ ಪಳಗಿದ ಕೈ, ಗಂಡ ಹೆಂಡಿರಿಬ್ಬರ ಸಾರಿಗೂ ಊರಿಗಾಗುವಷ್ಟು ಉಪ್ಪು ಸುರಿಯುತ್ತಿತ್ತು. ಒಲೆ ಬೇಕು. ಆದರೆ ಒಲೆಯ ಮರ್ಯಾದೆ ಕಳೆದು ಅಲ್ಲ.

ಜೊತೆಯ ಅಡುಗೆಯವಳು ಮೀನಾ ಹೊರಗೆ ಬಂದಳು. ಆರು ವಾರ ಹಂಡೆ ಇಳಿಸಿದ್ದು ಇವಳೊಬ್ಬಳೇ. ಕೈಯಲ್ಲಿ ಮೊರ, ಮೊರದಲ್ಲಿ ಶಿರಾಳಕೊಪ್ಪದ ಸಂತೆಯಿಂದ ತಂದ ಹೊಸ ಚಪ್ಪಲಿ, ಪಟ್ಟಿಗೊಂದೊಂದು ಕುಂಕುಮದ ಬೊಟ್ಟು.

"ಥೂ, ಮೊರದಾಗೆ ಚಪ್ಲಿ ಇಟ್ಕಂಡು ಬಂದ್ಯೇನೇ!"

"ಮಣ್ಣು ತುಳಿದಿಲ್ಲ, ಬೀದಿ ನೋಡಿಲ್ಲ. ತಾವು ಚಪ್ಲಿ ಅಂತ ಇವಕ್ಕೇ ಇನ್ನೂ ಗೊತ್ತಿಲ್ಲಕ್ಕಾ. ಇವತ್ತು ಒಳಗೆ ಹೋದ್ರೆ ಮತ್ತೆ ಈ ಹೊಸ್ತಿಲು ದಾಟಿ ಆಚೆ ಬರಲ್ಲ. ಸೌಟಿದ್ದಂಗೆ, ಇವೂ ಒಲೆಮನೇವೇ."

ಗುತ್ಯಮ್ಮ ಮುಖ ತಿರುಗಿಸಿದಳು. ಮೀನಾ ನೀರು ತಂದಳು, ಕುಕ್ಕರಗಾಲಲ್ಲಿ ಕೂತು ಅಕ್ಕನ ಕಾಲು ತೊಳೆದಳು, ಸೆರಗಿನಲ್ಲಿ ಒರೆಸಿದಳು. ಬೇಡ ಎನ್ನಲು ಬಾಯಿ ತೆರೆದರೂ ಗುತ್ಯಮ್ಮ ಕಾಲು ಎಳೆದುಕೊಳ್ಳಲಿಲ್ಲ. ಹೆತ್ತ ಮಕ್ಕಳೂ ಮುಟ್ಟದ ಕಾಲು.

ಹೊಸ್ತಿಲ ಒಳಗೆ ಗುತ್ಯಮ್ಮ ಚಪ್ಪಲಿಗೆ ಕಾಲು ತೂರಿಸಿ ಒಲೆಗೆ ಕೈಮುಗಿದಳು. "ಒಂದ್ ಗಳಿಗೆ ಕಣ್ಣು ಮುಚ್ಕಳೇ ತಾಯೀ."

ಅನ್ನ ಬಸಿಯುವ ಹೊತ್ತಿಗೆ ಹಂಡೆಯ ಒಂದು ಕಡೆ ಗುತ್ಯಮ್ಮ, ಇನ್ನೊಂದು ಕಡೆ ಮೀನಾ. ಗಂಜಿ ಚೆಲ್ಲಿತು. ಗುತ್ಯಮ್ಮನ ಕಾಲು ಜಾರಲಿಲ್ಲ. ಆಗ ಅವಳ ಕಣ್ಣು ಮೀನಾಳ ಬರಿಪಾದದ ಮೇಲೆ ಬಿತ್ತು.

"ಇಳಿಸೇ ಹಂಡೆ. ನಿನ್ನ ಜೋಡು ಎಲ್ಲೇ?"

"ನಂಗ್ಯಾಕಕ್ಕಾ? ನಾನು ಬಿದ್ದಿಲ್ವಲ್ಲ."

"ಬಿದ್ದ ಮೇಲೆ ಕಟ್ಕಳಕ್ಕೆ ಅದೇನು ಗಾಯದ ಪಟ್ಟಿಯೇನೇ?" ಎನ್ನುತ್ತಾ ಗುತ್ಯಮ್ಮ ಬಗ್ಗಿ, ಮೀನಾಳ ಕಾಲ ಬುಡದ ಗಂಜಿಯನ್ನು ಒರೆಸತೊಡಗಿದಳು.